ಹಾಸ್ಟೆಲ್ ಬೆಕ್ಕುಗಳನ್ನು ಊರಿನ ತೋಟಕ್ಕೆ ಬಿಡಬಹುದಾ?

ವಾರ್ಡನ್ ಬೆಕ್ಕುಗಳನ್ನು ಸಾಗಹಾಕಿ ಅಂದಿದ್ದಾರೆ, ಬೇಸಿಗೆ ರಜೆಗೆ ಹೋಗುವಾಗ ಊರಿನ ತೋಟದಲ್ಲಿ ಬಿಟ್ಟರೆ ಹೇಗೆ ಅಂತ ಕೇಳಿದ್ದೀರಿ. ಬೇಡ. ನಾನು ಬಿಟ್ಟು ನೋಡಿದ್ದೇನೆ.

ಮೈಸೂರಿನಲ್ಲಿ ಓದುವಾಗ ನಮ್ಮ ಹಾಸ್ಟೆಲ್ ಮೆಸ್ ಹಿಂದೆ ಚುಕ್ಕಿ ಅಂತ ಒಂದು ಹೆಣ್ಣು ಬೆಕ್ಕಿತ್ತು. ಮುಟ್ಟೋಕೆ ಬಿಡುತ್ತಿರಲಿಲ್ಲ. ಆದರೆ ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ನೀರಿನ ಟ್ಯಾಂಕ್ ಕೆಳಗಿನಿಂದ ಬಾಲ ಎತ್ತಿಕೊಂಡು ಬರುತ್ತಿತ್ತು. ದೂರು ಜಾಸ್ತಿಯಾದಾಗ ಅದನ್ನು ಚನ್ನರಾಯಪಟ್ಟಣದ ಹತ್ತಿರ ಸೋದರಮಾವನ ತೆಂಗಿನ ತೋಟಕ್ಕೆ ಒಯ್ದೆ. ಜಾಗ ಇದೆ, ಇಲಿ ಇವೆ, ಇನ್ನೇನು ಬೇಕು ಅಂದುಕೊಂಡಿದ್ದೆ.

ಅಲ್ಲಿ ಅಂಗಳಕ್ಕೆ ಕಾಲಿಟ್ಟ ತಕ್ಷಣ ಬುಟ್ಟಿಯ ಮುಚ್ಚಳ ತೆಗೆದೆ. ಅದೇ ನಾನು ಮಾಡಿದ ತಪ್ಪು. ಚುಕ್ಕಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಿವಿ ಮಡಿಚಿ ಒಂದು ಗಳಿಗೆ ನೋಡಿತು. ಆಮೇಲೆ ಗರಿ ರಾಶಿ ದಾಟಿ ಬೇಲಿಯಾಚೆ ಓಡಿತು. ಮತ್ತೆ ಕಾಣಲೇ ಇಲ್ಲ. "ಕೋಣೇಲಿ ಕೂಡಿ ಹಾಕದೆ ಬಿಟ್ಟುಬಿಟ್ಟೆಯಲ್ಲಪ್ಪ" ಅಂದರು ಅತ್ತೆ. ಅವರು ಹೇಳಿದ್ದೇ ಸರಿ. ಬೆಕ್ಕಿಗೆ ಗೊತ್ತಿರುವುದು ತನ್ನ ಜಾಗದ ವಾಸನೆ, ಅಡಗುವ ಸಂದಿ, ಊಟದ ಹೊತ್ತು. ಅದೆಲ್ಲ ಒಂದೇ ಸಲ ಹೋದರೆ ಹಳೇ ಜಾಗ ಹುಡುಕಿಕೊಂಡು ಓಡುತ್ತದೆ. ರಸ್ತೆಗೆ ಸಿಗುತ್ತದೆ, ಇಲ್ಲವೇ ನಾಯಿಗೆ. ಜಾಗ ಬದಲಿಸಲೇಬೇಕಾದರೆ ಮೂರ್ನಾಲ್ಕು ವಾರ ಕೋಣೆಯಲ್ಲಿ ಕೂಡಿ ಹಾಕಿ, ಅದೇ ಹೊತ್ತಿಗೆ ಊಟ ಕೊಟ್ಟು, ಆಮೇಲೆ ಬಾಗಿಲು ತೆಗೆಯಬೇಕು. ನಾನು ಸಂಜೆಯ ಬಸ್ಸಿಗೆ ವಾಪಸ್ ಹೊರಡುವ ಆತುರದಲ್ಲಿದ್ದೆ.

ಇಷ್ಟು ಮಾಡಿದ ಮೇಲೂ ಮೆಸ್ ಹಿಂದೆ ಬೆಕ್ಕು ಕಡಿಮೆಯಾಗಲಿಲ್ಲ. ಎಂಜಲಿನ ಡ್ರಮ್ ಬಾಯಿ ತೆರೆದೇ ಇತ್ತು. ಸ್ವಲ್ಪ ದಿನಕ್ಕೇ ಅಲ್ಲಿಗೆ ಬಸುರಿ ಬೆಕ್ಕೊಂದು ಬಂದು ಸೇರಿತು. ನಿಮ್ಮ ವಾರ್ಡನ್‌ಗೆ ಇದನ್ನು ಮೊದಲು ಹೇಳಿ.

ಮಾಡಬೇಕಾದದ್ದು ಸಂತಾನಹರಣದ ಆಪರೇಷನ್. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಬಹುದು, ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬ ಆಗಬಹುದು. ಹಾಗಾಗಿ ತಡ ಮಾಡಬೇಡಿ. ಬೋನಿನಲ್ಲಿ ಹಿಡಿದು ಪಶುವೈದ್ಯರ ಹತ್ತಿರ ಒಯ್ಯಿರಿ, ಜೊತೆಗೇ ರೇಬೀಸ್ ಲಸಿಕೆ ಹಾಕಿಸಿ. ಆಪರೇಷನ್ ಆದದ್ದು ದೂರದಿಂದಲೇ ಗೊತ್ತಾಗಲಿ ಅಂತ ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿ ಕತ್ತರಿಸುತ್ತಾರೆ. ಅದಕ್ಕೆ ಗಾಬರಿಯಾಗಬೇಡಿ. ಮೊಲೆಯ ಸುತ್ತ ಕೂದಲು ಸವೆದಿದ್ದರೆ ಎಲ್ಲೋ ಮರಿಗಳಿವೆ ಅಂತ ಅರ್ಥ, ಮೊದಲು ಅವನ್ನು ಹುಡುಕಿ. ವಾಸಿಯಾದ ಮೇಲೆ ಹಿಡಿದ ಜಾಗದಲ್ಲೇ ಬಿಡಿ. ನೋವಿಗೆ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.

ಊಟ ದಿನಾ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ಇಡಿ. ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ, ಅರ್ಧ ದೂರು ಅಲ್ಲೇ ನಿಲ್ಲುತ್ತದೆ. ರಜೆಯಲ್ಲಿ ಊರಿಗೆ ಹೋಗದವರು ಯಾರಾದರೂ ಇದ್ದೇ ಇರುತ್ತಾರೆ. ವಾಚ್‌ಮನ್, ತೋಟದ ಮಾಲಿ, ಪಿಎಚ್‌ಡಿಯವರು. ಅವರಿಗೆ ಈಗಲೇ ಹೇಳಿಡಿ, ಒಣ ಆಹಾರದ ಮೂಟೆ ತಂದು ಕೊಟ್ಟೇ ಊರಿಗೆ ಹೊರಡಿ.