ರೋರಿಕ್ ಹೆಸರಿನಲ್ಲಿ ಇರುವುದು ನಮ್ಮ ‘ಶ್ವೇತ’ವೇ?

ಪ್ರಶ್ನೆ: ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್‌ನಲ್ಲಿದ್ದ ಕಲಾವಿದ ಸ್ವೆಟೊಸ್ಲಾವ್ ರೋರಿಕ್ ಅವರ ಹೆಸರಿನ ಅರ್ಥ ಏನು? ಅದರಲ್ಲಿ ನಮ್ಮ ‘ಶ್ವೇತ’ ಇದೆ ಅಂತ ಗೆಳೆಯರೊಬ್ಬರು ಹೇಳಿದರು. ನಿಜವೇ?

ಉತ್ತರ: ಹಾಗೆ ಅನಿಸೋದು ಸಹಜ. ರಷ್ಯನ್‌ನಲ್ಲಿ ಬೆಳಕಿಗೆ ‘ಸ್ವೆತ್’ ಅಂತಾರೆ, ಅದು ನಮ್ಮ ಶ್ವೇತದ ನೆಂಟನೇ. ಆದರೆ ಈ ಹೆಸರಲ್ಲಿ ಇರುವುದು ಬೇರೆ ಪದ. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ 1993ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ರೋರಿಕ್ ಅವರ ಹೆಸರನ್ನು ರಷ್ಯನ್ನರು ‘ಸ್ವ್ಯಾತಸ್ಲಾವ್’ ಎನ್ನುತ್ತಾರೆ. ಸ್ವ್ಯಾತ್ ಅಂದರೆ ಪವಿತ್ರ, ಸ್ಲಾವ ಅಂದರೆ ಕೀರ್ತಿ. ನೆಂಟಸ್ತನ ಬೇಕಿದ್ದರೆ ಈ ಎರಡನೇ ಅರ್ಧದಲ್ಲಿ ಹುಡುಕಿ. ಸ್ಲಾವ ಮತ್ತು ಸಂಸ್ಕೃತದ ‘ಶ್ರವಸ್’ ಒಂದೇ ಬೇರಿನವು, ಎರಡಕ್ಕೂ ಕೀರ್ತಿ ಅಂತಲೇ ಅರ್ಥ. ‘ಶ್ರವಣ’ ಕೂಡ ಅದೇ ಬೇರಿನದು. ಹತ್ತು ಜನರ ಕಿವಿಗೆ ಬಿದ್ದರೆ ತಾನೇ ಕೀರ್ತಿ, ಅಲ್ವಾ?

ಪವಿತ್ರ ಅಂದಕೂಡಲೇ ಇದು ಚರ್ಚಿನಿಂದ ಬಂದ ಹೆಸರು ಅಂದುಕೊಳ್ಳಬೇಡಿ. ಕ್ರೈಸ್ತ ಧರ್ಮ ಅಲ್ಲಿ ನೆಲೆಯೂರುವ ಮುಂಚಿನಿಂದಲೂ ಇದು ಇತ್ತು. ಆಗ ಆ ಪದಕ್ಕೆ ಬಲ ಎಂಬ ಅರ್ಥವಿತ್ತು ಎನ್ನುವ ಭಾಷಾತಜ್ಞರಿದ್ದಾರೆ, ನನಗೂ ಅದೇ ಸರಿ ಅನಿಸುತ್ತದೆ. ಕೀವ್‌ನ ದೊರೆ ಮೊದಲನೇ ಸ್ವ್ಯಾತಸ್ಲಾವ್‌ನನ್ನೇ ನೋಡಿ. ತಾಯಿ ಓಲ್ಗಾ ಕ್ರೈಸ್ತಳಾಗಿ, ನೀನೂ ಆಗು ಅಂತ ಎಷ್ಟು ಹೇಳಿದರೂ, ನನ್ನ ದಂಡಿನವರು ನಗುತ್ತಾರೆ ಅಂತ ಅವನು ಒಪ್ಪಲೇ ಇಲ್ಲ. 971ರಲ್ಲಿ ಡ್ಯಾನ್ಯೂಬ್ ದಡದಲ್ಲಿ ಬೈಜಾಂಟೈನ್ ಚಕ್ರವರ್ತಿಯನ್ನು ಕಾಣಲು ಬಂದದ್ದು ದೋಣಿಯಲ್ಲಿ, ಉಳಿದವರ ಜೊತೆ ತಾನೂ ಹುಟ್ಟು ಹಾಕುತ್ತಾ. ಬೋಳಿಸಿದ ತಲೆ, ಒಂದು ಪಕ್ಕ ಜುಟ್ಟು. ಒಂದೇ ಕಿವಿಗೆ ಬಂಗಾರದ ಒಂಟಿ, ಅದರಲ್ಲಿ ಎರಡು ಮುತ್ತು, ನಡುವೆ ಕೆಂಪು ಕಲ್ಲು. ಇದನ್ನೆಲ್ಲ ಬರೆದಿಟ್ಟವನು ಲಿಯೋ ಎಂಬ ಬೈಜಾಂಟೈನ್ ಇತಿಹಾಸಕಾರ. ಮರುವರ್ಷವೇ ದ್ನೀಪರ್ ನದಿಯ ಬಳಿ ಪೆಚೆನೆಗ್ ಬುಡಕಟ್ಟಿನವರು ಅವನನ್ನು ಕೊಂದು, ತಲೆಬುರುಡೆಯನ್ನು ಕುಡಿಯುವ ಬಟ್ಟಲು ಮಾಡಿಕೊಂಡರು ಅಂತ ಹಳೆಯ ವೃತ್ತಾಂತ ಹೇಳುತ್ತದೆ.

ಆಮೇಲೂ ಹೆಸರು ಉಳಿಯಿತು. 1300ರಲ್ಲಿ ಬಲ್ಗೇರಿಯಾದ ಪಟ್ಟಕ್ಕೆ ಬಂದ ತೊದೊರ್ ಸ್ವೆತೊಸ್ಲಾವ್‌ನದೂ ಇದೇ ಹೆಸರು, ಅಲ್ಲಿನ ಉಚ್ಚಾರ ಬೇರೆ ಅಷ್ಟೆ. 1915ರಲ್ಲಿ ಝಿತೊಮಿರ್‌ನಲ್ಲಿ ಹುಟ್ಟಿದ ದೊಡ್ಡ ಪಿಯಾನೋ ವಾದಕ ರಿಕ್ಟರ್ ಕೂಡ ಸ್ವ್ಯಾತಸ್ಲಾವ್. ಅವರನ್ನು ಮನೆಯವರು ಮುದ್ದಿನಿಂದ ‘ಸ್ವೆತಿಕ್’ ಎನ್ನುತ್ತಿದ್ದರು. ಅಂದರೆ ಪುಟ್ಟ ಬೆಳಕು. ನಿಮ್ಮ ಗೆಳೆಯರು ಹೇಳಿದ ಶ್ವೇತ ಸಿಗುವುದು ಅಲ್ಲಿ, ಆ ಮುದ್ದಿನ ಕರೆಯಲ್ಲಿ.