ಕಂಡೀಷನಲ್ ಬ್ರೇಕ್‌ಪಾಯಿಂಟ್ ಇಟ್ಟರೆ ಬೈಟ್‌ಗಳು ಯಾಕೆ ಕಳೆದುಹೋಗುತ್ತವೆ?

ಪ್ರಶ್ನೆ: ಬೆಳಗಾವಿ ಉದ್ಯಮಬಾಗದಾಗ ಪಂಪ್ ಸ್ಟಾರ್ಟರ್ ಬೋರ್ಡ್ ಮಾಡ್ತೀವ್ರಿ, ಕಾರ್ಟೆಕ್ಸ್-ಎಂ4 ಚಿಪ್. ಯುಆರ್ಟ್ (ಸೀರಿಯಲ್ ಪೋರ್ಟ್) ಇಂಟರಪ್ಟ್‌ನಾಗ, ಅಂದ್ರ ಬೈಟ್ ಬಂದಾಗ ಓಡೂ ಕೋಡಿನಾಗ, ಬ್ರೇಕ್‌ಪಾಯಿಂಟಿಗೆ (ಕೋಡ್ ನಿಲ್ಲಿಸೂ ಗುರುತು) ‘ಉದ್ದ 64 ಮೀರಿದಾಗ ಮಾತ್ರ ನಿಲ್ಲು’ ಅಂತ ಷರತ್ತು ಇಟ್ರ, ನಿಲ್ಲೂಕಿಂತ ಮೊದಲ ಬೈಟ್ ಹೋಗ್ತಾವ. ಯಾಕ?

ಉತ್ತರ: ಷರತ್ತು ಸುಳ್ಳಾದಾಗಲೂ ಚಿಪ್ ಪ್ರತಿ ಸಲ ನಿಲ್ಲುತ್ತದೆ, ಅದಕ್ಕೆ. ಷರತ್ತನ್ನು ಪರೀಕ್ಷಿಸುವುದು ಚಿಪ್ ಅಲ್ಲ, ನಿಮ್ಮ ಕಂಪ್ಯೂಟರಿನಲ್ಲಿರುವ ಜಿಡಿಬಿ ಎಂಬ ಡಿಬಗರ್ (ದೋಷ ಹುಡುಕುವ ತಂತ್ರಾಂಶ). ಅದು ಪ್ರೋಬ್ (ಕಂಪ್ಯೂಟರನ್ನು ಚಿಪ್ಪಿಗೆ ಜೋಡಿಸುವ ಸಾಧನ) ಮೂಲಕ ವೇರಿಯಬಲ್ ಓದಿ, ‘ಇನ್ನೂ ಇಲ್ಲ’ ಎಂದು ಮತ್ತೆ ಓಡಿಸುವಷ್ಟರಲ್ಲಿ ಮಿಲಿಸೆಕೆಂಡುಗಳೇ ಕಳೆಯುತ್ತವೆ. 115200 ಬಾಡ್‌ನಲ್ಲಿ ಒಂದು ಬೈಟಿಗೆ ಸುಮಾರು 87 ಮೈಕ್ರೋಸೆಕೆಂಡ್ ಸಾಕು, ಅಂದರೆ ಒಂದು ಮಿಲಿಸೆಕೆಂಡಿನಲ್ಲಿ ಹನ್ನೊಂದು ಬೈಟ್. ಫಿಫೊ (ಬಂದ ಬೈಟ್‌ಗಳನ್ನು ಸಾಲಾಗಿ ಇಡುವ ಜಾಗ) ಇಲ್ಲದ ಯುಆರ್ಟ್‌ನ ರಿಜಿಸ್ಟರಿನಲ್ಲಿ ಒಂದಕ್ಕಷ್ಟೇ ಜಾಗ; ಉಳಿದದ್ದು ಓವರ್‌ರನ್, ಅಂದರೆ ಓದುವ ಮೊದಲೇ ಕಳೆದುಹೋಗುತ್ತದೆ.

ಷರತ್ತನ್ನು ಕೋಡಿನೊಳಗೇ ಬರೆಯಿರಿ: ಒಂದು ಇಫ್, ಅದರೊಳಗೆ ಬಿಕೆಪಿಟಿ (ಚಿಪ್ಪನ್ನು ತಾನಾಗಿ ನಿಲ್ಲಿಸುವ ಇನ್‌ಸ್ಟ್ರಕ್ಷನ್). ಆಗ ಹೋಲಿಕೆ ಚಿಪ್ಪಿನಲ್ಲೇ ಕೆಲವೇ ಕ್ಲಾಕ್ ಸೈಕಲ್‌ಗಳಲ್ಲಿ ಮುಗಿಯುತ್ತದೆ. ಆದರೆ ಅದನ್ನು ಡಿಬಗ್ ಬಿಲ್ಡ್‌ಗೆ ಮಾತ್ರ ಸೀಮಿತಗೊಳಿಸಿ. ಡಿಬಗರ್ ಜೋಡಿಸದೆ ಬಿಕೆಪಿಟಿ ಓಡಿದರೆ ಹಾರ್ಡ್‌ಫಾಲ್ಟ್ (ಚಿಪ್ಪಿನ ಗಂಭೀರ ದೋಷ) ಆಗುತ್ತದೆ, ಕಬ್ಬಿನ ಹೊಲದಲ್ಲಿ ಬೋರ್‌ವೆಲ್ ಪಂಪ್ ನಿಂತೇಬಿಡುತ್ತದೆ.

ಮತ್ತೆ ಕಂಪೈಲ್ ಮಾಡಲಾಗದಿದ್ದರೆ ಹಾರ್ಡ್‌ವೇರ್ ವಾಚ್‌ಪಾಯಿಂಟ್ (ಮೆಮೊರಿಯ ಒಂದು ಜಾಗವನ್ನು ಚಿಪ್ಪೇ ಕಾಯುವ ಸೌಲಭ್ಯ) ಇದೆ. ಎಂ4ನಲ್ಲಿ ಅದು ಸಾಮಾನ್ಯವಾಗಿ ‘ಇಲ್ಲಿ 65 ಬರೆದಾಗ ನಿಲ್ಲು’ ಎಂಬುದನ್ನು ಚಿಪ್ಪಿನೊಳಗೇ ನೋಡಿಕೊಳ್ಳುತ್ತದೆ, ‘64 ಮೀರಿದರೆ’ ಎಂಬುದು ಅದಕ್ಕೆ ಆಗದು. ಉದ್ದ ಒಂದೊಂದಾಗಿಯೇ ಏರುವುದರಿಂದ ನಿಮಗೆ ಅಷ್ಟು ಸಾಕು.

ನಿಂತ ಮೇಲೆ ಬೋರ್ಡ್ ರೀಸೆಟ್ ಆಗುತ್ತಿದ್ದರೆ ವಾಚ್‌ಡಾಗ್ (ಕೋಡ್ ಸಿಕ್ಕಿಕೊಂಡರೆ ರೀಸೆಟ್ ಮಾಡುವ ಟೈಮರ್) ಓಡುತ್ತಲೇ ಇದೆ ಎಂದರ್ಥ. ನಿಮ್ಮದು ಎಸ್‌ಟಿಎಂ32 ಸರಣಿಯ ಚಿಪ್ ಆದರೆ, ಅದನ್ನು ಡಿಬಗ್ ವೇಳೆ ತಡೆಯುವ ಫ್ರೀಜ್ ಬಿಟ್ ಡಿಬಿಜಿಎಂಸಿಯು ಎಂಬ ಡಿಬಗ್ ಭಾಗದ ರಿಜಿಸ್ಟರಿನಲ್ಲಿರುತ್ತದೆ.