ಉಗಾಂಡಾಕ್ಕೆ ಕುಚ್ಚಲಕ್ಕಿ ಬೇಡ, ಇಸ್ತ್ರಿ ಬೇಕು

ಪ್ರಶ್ನೆ: ನಮ್ಮ ಚರ್ಚಿನ ಯುವಜನರ ತಂಡ ಒಂದು ತಿಂಗಳ ಸೇವೆಗೆ ಉಗಾಂಡಾದ ಹಳ್ಳಿಗೆ ಹೊರಟಿದೆ. ಕುಚ್ಚಲಕ್ಕಿ ಒಯ್ಯಬೇಕೇ? ನೀರು, ಬಟ್ಟೆ ಒಗೆತದ ಬಗ್ಗೆ ತಿಳಿಸಿ.
– ಓದುಗರು, ಶಿರ್ವ

ಉತ್ತರ: ಅಕ್ಕಿಯ ಮಾತು ಆಮೇಲೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿ. ಸರ್ಟಿಫಿಕೇಟ್ ಇಲ್ಲದೆ ವಾಪಸಾದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್. ಮಲೇರಿಯಾ ಮಾತ್ರೆಗೂ ವೈದ್ಯರನ್ನು ಆಗಲೇ ಕೇಳಿ. ಕೆಲವು ಮಾತ್ರೆಗಳನ್ನು ಊರಿಗೆ ಬಂದ ಮೇಲೂ 4 ವಾರ ನುಂಗಬೇಕು. ಅಲ್ಲೇ ಹೆಚ್ಚಿನವರು ಎಡವುವುದು.

ಬಟ್ಟೆಯ ವಿಷಯ ಯಾರೂ ಹೇಳುವುದಿಲ್ಲ. ಅಲ್ಲಿನ ಮ್ಯಾಂಗೋ ಫ್ಲೈ ಎಂಬ ನೊಣ ನೆರಳಲ್ಲಿ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಮೊಟ್ಟೆಯಿಡುತ್ತದೆ. ಹಾಗೇ ತೊಟ್ಟರೆ ಮರಿಹುಳ ಚರ್ಮದೊಳಗೆ ಹೊಕ್ಕು ಕುರುವಿನಂತೆ ಊದಿಕೊಳ್ಳುತ್ತದೆ. ಆದ್ದರಿಂದ ಬನಿಯನ್, ಟವೆಲ್, ಹಾಸು ಹೊದಿಕೆ, ಒಳಉಡುಪು ಸಹಿತ ಎಲ್ಲಕ್ಕೂ ಬಿಸಿ ಇಸ್ತ್ರಿ ಹಾಕಿ. ಹೊಲಿಗೆ, ಸೊಂಟದ ಪಟ್ಟಿಯ ಮೇಲೆ ಒತ್ತಿ ಎಳೆಯಿರಿ. ಕರೆಂಟ್ ಇಲ್ಲದಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಆದೀತು.

ನೀರು ಕಲಕಿದ್ದರೆ ಬಟ್ಟೆಯಲ್ಲಿ ಸೋಸಿ, ತಳಮಳ ಕುದಿ ಬಂದ ಮೇಲೆ 1 ನಿಮಿಷ ಕುದಿಸಿ, ಮುಚ್ಚಿ ಆರಿಸಿ. ಹಲ್ಲುಜ್ಜಲೂ ಅದೇ ನೀರು.

ಕುಚ್ಚಲಕ್ಕಿ ಬೇಡ. ಇದ್ದಿಲ ಒಲೆಯಲ್ಲಿ ಬೇಯಲು ತುಂಬಾ ಹೊತ್ತು, ಇದ್ದಿಲು ಆತಿಥೇಯರದ್ದು! ಅಲ್ಲಿ ಬೆಳ್ತಿಗೆ ಅಕ್ಕಿ ಸಿಗುತ್ತದೆ. ದಿನದೂಟ ಪೋಶೋ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಬೀನ್ಸ್ ಕಾಳಿನ ಸಾರು. ಸಪ್ಪೆಯೆನಿಸಿದರೆ ಉಪ್ಪಿನಕಾಯಿ ಸಾಕು. ಎಣ್ಣೆ ಸೋರದಂತೆ ಪ್ಯಾಕ್ ಮಾಡಿ ಚೆಕ್-ಇನ್ ಬ್ಯಾಗಿಗೆ ಹಾಕಿ. ನಮ್ಮ ದುಂಡು ಪಿನ್ನಿನ ಚಾರ್ಜರ್ ಅಲ್ಲಿ ಕೂರುವುದಿಲ್ಲ, ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಇಟ್ಟುಕೊಳ್ಳಿ.